ಕ್ರಾಫ್ಟ್ ಕಾಗದದ ಘಟಕದಲ್ಲಿ ಬ್ಯಾಕ್‌ವಾಟರ್ ಗಡಸಾಗುತ್ತಿದೆ: ಇದು ಬೋರ್‌ವೆಲ್ ನೀರಿನ ದೋಷವೇ?

ಪ್ರಶ್ನೆ: ಹಾಸನದಿಂದ, ಸಣ್ಣ ಕಾಗದ ಘಟಕದ ಮೇಲ್ವಿಚಾರಕ

ಹಾಸನದ ಹೊರವಲಯದಲ್ಲಿರುವ ನಮ್ಮ ಘಟಕದಲ್ಲಿ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಪಲ್ಪರ್‌ನಲ್ಲಿ ಅರೆದು, ಪ್ಯಾಕಿಂಗ್ ಉದ್ದಿಮೆಗೆ ಬೇಕಾದ ಕ್ರಾಫ್ಟ್ ಕಾಗದವನ್ನು ತಯಾರಿಸುತ್ತೇವೆ. ನೀರಿಗೆ ಎರಡು ಬೋರ್‌ವೆಲ್‌ಗಳೇ ಆಧಾರ. ಕಳೆದ ಬೇಸಿಗೆಯಲ್ಲಿ ಒಂದರಲ್ಲಿ ನೀರು ಕಡಿಮೆಯಾದದ್ದರಿಂದಲೂ, ಹೊರಗೆ ಬಿಡುವ ನೀರನ್ನು ತಗ್ಗಿಸಲೇಬೇಕಾದ ಒತ್ತಾಯವಿದ್ದುದರಿಂದಲೂ, ವೈರ್‌ನಿಂದ, ಅಂದರೆ ಹಾಳೆ ರೂಪುಗೊಳ್ಳುವ ಜಾಲರಿಯಿಂದ, ಬಸಿಯುವ ಬ್ಯಾಕ್‌ವಾಟರ್ ಮತ್ತು ಪ್ರೆಸ್‌ನಲ್ಲಿ ಹಿಂಡಿ ಬರುವ ನೀರನ್ನೆಲ್ಲ, ನಾರನ್ನು ಸೋಸಿ ಹಿಡಿಯುವ ಸೇವ್‌ಆಲ್ ಮೂಲಕ ಹಾಯಿಸಿ ಮತ್ತೆ ಪಲ್ಪರ್‌ಗೇ ತಿರುಗಿಸುವ ಏರ್ಪಾಡು ಮಾಡಿಕೊಂಡೆವು. ಈಗ ಚರಂಡಿಗೆ ಹೋಗುವ ನೀರು ಇಲ್ಲವೆನ್ನುವಷ್ಟು ಕಡಿಮೆಯಾಗಿದೆ.

ಮೊದಲ ಕೆಲವು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದೊಂದಾಗಿ ತೊಂದರೆಗಳು ಕಾಣಿಸಿಕೊಂಡವು. ಕಾಗದದ ಕಾಬ್ ಮೌಲ್ಯ, ಅಂದರೆ ಅದು ನೀರು ಹೀರುವ ಪ್ರಮಾಣ, ಏರತೊಡಗಿತು. ಹಾಗೆ ಹೀರದಂತೆ ತಡೆಯಲು ಹಾಕುವ ರೋಸಿನ್ ಮತ್ತು ಆಲಂ (ಅಲ್ಯೂಮಿನಿಯಂ ಸಲ್ಫೇಟ್) ಹೆಚ್ಚಿಸಿದರೆ ಎರಡು ದಿನ ತಗ್ಗಿ, ಮತ್ತೆ ಮೊದಲಿಗಿಂತ ಮೇಲಕ್ಕೆ ಹೋಗುತ್ತದೆ. ರಿಟೆನ್ಷನ್‌ಗೆಂದು, ಅಂದರೆ ಸಣ್ಣ ನಾರನ್ನು ಹಾಳೆಯಲ್ಲೇ ಹಿಡಿದಿಡಲೆಂದು, ಹಾಕುವ ಪಾಲಿಮರ್ ಕೆಲಸ ಮಾಡುತ್ತಿಲ್ಲವೇನೋ ಎಂಬಂತೆ ಬ್ಯಾಕ್‌ವಾಟರ್‌ನಲ್ಲಿ ಸಣ್ಣ ನಾರು ತೇಲುತ್ತದೆ. ಪಲ್ಪನ್ನು ವೈರ್ ಮೇಲೆ ಬಿಡುವ ಹೆಡ್‌ಬಾಕ್ಸ್‌ನಲ್ಲಿ ನೊರೆ, ಪಲ್ಪ್ ತುಂಬಿಡುವ ತೊಟ್ಟಿಯಾದ ಚೆಸ್ಟ್‌ನ ಗೋಡೆಗಳಲ್ಲಿ ಲೋಳೆ, ಸೋಮವಾರ ಬೆಳಿಗ್ಗೆ ಯಂತ್ರ ಚಾಲೂ ಮಾಡುವಾಗ ಕೊಳೆತ ಮೊಟ್ಟೆಯ ವಾಸನೆ. ವೈರ್ ಕೆಳಗೆ ನೀರು ಬಸಿಯಲೆಂದು ಇರುವ ಫಾಯಿಲ್ ಪಟ್ಟಿಗಳ ಮೇಲೆ ಬಿಳಿಯ ಗಟ್ಟಿ ಪದರ ಕಟ್ಟುತ್ತಿದೆ. ಅದನ್ನು ಕೆರೆದು ತೆಗೆಯುವುದೇ ಒಂದು ಕೆಲಸವಾಗಿದೆ.

ಅಳತೆಗಳು ಹೀಗಿವೆ. ಬೋರ್‌ವೆಲ್ ನೀರಿನ ಒಟ್ಟು ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ 420 ಮಿಲಿಗ್ರಾಂ. ಬ್ಯಾಕ್‌ವಾಟರ್‌ನಲ್ಲಿ ಅದು 2300 ಮಿಲಿಗ್ರಾಂ ಇದೆ. ಬ್ಯಾಕ್‌ವಾಟರ್‌ನ ವಿದ್ಯುತ್ ವಾಹಕತೆ 1400 ಮೈಕ್ರೋಸೀಮೆನ್ಸ್‌ನಿಂದ 5200ಕ್ಕೆ ಏರಿದೆ. ಪಿಎಚ್ 7.1 ಇದ್ದದ್ದು 5.9ಕ್ಕೆ ಇಳಿದಿದೆ. ಪಿಎಚ್ ಏರಿಸಲು ಆಗಾಗ ಸುಣ್ಣದ ತಿಳಿ ಹಾಕುತ್ತಿದ್ದೇವೆ.

ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದೇ ನೀರು ಸುತ್ತಿ ಸುತ್ತಿ ಬಂದು ಗಟ್ಟಿಯಾಗುತ್ತಿದೆ ಎಂದು ಎಣಿಸಿ, ಒಳಬರುವ ನೀರಿಗೆ ಮೆದುಗೊಳಿಸುವ ಘಟಕವನ್ನೋ ಆರ್‌ಒ ಘಟಕವನ್ನೋ ಹಾಕಿಸಲು ಮಾಲೀಕರು ದರಪಟ್ಟಿ ತರಿಸಿದ್ದಾರೆ. ಅದು ದೊಡ್ಡ ಮೊತ್ತ. ಖರ್ಚು ಮಾಡುವ ಮೊದಲು ತಿಳಿದವರ ಅಭಿಪ್ರಾಯ ಬೇಕಾಗಿದೆ. ದೋಷ ನಿಜಕ್ಕೂ ಬೋರ್‌ವೆಲ್ ನೀರಿನದೇ?

ಉತ್ತರ: ತರೀಕೆರೆಯಿಂದ, ಕಾಗದ ಉದ್ದಿಮೆಯ ನಿವೃತ್ತ ರಸಾಯನಜ್ಞ

ದರಪಟ್ಟಿಗೆ ಸಹಿ ಹಾಕಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬ್ಯಾಕ್‌ವಾಟರ್‌ನಲ್ಲಿರುವ ಗಡಸುತನದ ಬಹುಪಾಲು ನೆಲದಿಂದ ಬಂದದ್ದಲ್ಲ, ನಿಮ್ಮ ಚೆಸ್ಟ್‌ಗಳಲ್ಲಿಯೇ ಹುಟ್ಟಿದ್ದು. ನೀವು ಕೊಟ್ಟಿರುವ ಅಂಕಿಗಳಿಂದಲೇ ಇದನ್ನು ತೋರಿಸಬಹುದು.

ನೀರನ್ನು ಪೂರ್ತಿ ಒಳಗೇ ಸುತ್ತಿಸಿದ ಮೇಲೆ ನಿಮ್ಮ ಘಟಕದಿಂದ ನೀರು ಹೊರಹೋಗುವ ದಾರಿ ಹಸಿ ಹಾಳೆಯೊಂದೇ. ಪ್ರೆಸ್ ದಾಟಿ ಡ್ರೈಯರ್‌ಗೆ ಹೋಗುವ ಹಾಳೆಯಲ್ಲಿ ನೂರಕ್ಕೆ 45 ಭಾಗ ನಾರು, 55 ಭಾಗ ನೀರು ಎಂದಿಟ್ಟುಕೊಂಡರೆ, ಒಂದು ಟನ್ ಒಣ ನಾರಿನ ಜೊತೆ ಸುಮಾರು 1200 ಲೀಟರ್ ನೀರು ಹೋಗುತ್ತದೆ. ಡ್ರೈಯರ್‌ನಲ್ಲಿ ಆವಿಯಾಗುವುದು ನೀರು ಮಾತ್ರ; ಅದರಲ್ಲಿ ಕರಗಿದ್ದ ಲವಣಗಳು ಕಾಗದದಲ್ಲೇ ಉಳಿದು ಕಾಗದದ ಜೊತೆಗೇ ಹೊರಬೀಳುತ್ತವೆ. ಹಾಗೆ ಹೋದ 1200 ಲೀಟರಿನ ಜಾಗಕ್ಕೆ ಬೋರ್‌ವೆಲ್‌ನಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಬೋರ್‌ವೆಲ್ ತಂದ ಗಡಸುತನಕ್ಕೂ ಹಾಳೆ ಹೊತ್ತೊಯ್ಯುವ ಗಡಸುತನಕ್ಕೂ ತಾಳೆಯಾಗುವ ಹಂತ ಬಂದಾಗ, ಬೇರೆ ಯಾವ ಮೂಲವೂ ಇಲ್ಲದಿದ್ದರೆ, ಬ್ಯಾಕ್‌ವಾಟರ್‌ನ ಗಡಸುತನ 420ರ ಆಸುಪಾಸಿನಲ್ಲಿಯೇ ನಿಲ್ಲಬೇಕು. ತೆರೆದ ತೊಟ್ಟಿಗಳಿಂದ ಆರುವ ನೀರನ್ನು ಸೇರಿಸಿಕೊಂಡರೆ 500 ಎನ್ನಿ. ಅದು 2300 ಆಗಿದೆ ಎಂದರೆ ಉಳಿದ ಕ್ಯಾಲ್ಸಿಯಂ ಬೇರೆಲ್ಲಿಂದಲೋ ಬರುತ್ತಿದೆ. ಒಳಬರುವ ನೀರನ್ನು ಎಷ್ಟೇ ಮೆದುಗೊಳಿಸಿದರೂ ಆ ಉಳಿದದ್ದು ಹಾಗೆಯೇ ಇರುತ್ತದೆ.

ಅದು ಬರುತ್ತಿರುವುದು ರಟ್ಟಿನಿಂದ. ನೀವು ಕೊಳ್ಳುವ ಹಳೆಯ ಪೆಟ್ಟಿಗೆಗಳಲ್ಲಿ, ಅದರಲ್ಲೂ ಮೇಲ್ಮೈ ಬಿಳಿಯಾಗಿ ಮುದ್ರಣವಾಗಿರುವವುಗಳಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟ್ ಫಿಲ್ಲರ್ ಆಗಿಯೂ ಲೇಪನವಾಗಿಯೂ ಇರುತ್ತದೆ. ಪಿಎಚ್ 7.5ರ ಮೇಲಿದ್ದಷ್ಟು ಹೊತ್ತು ಅದು ಕರಗದೆ ಪುಡಿಯಾಗಿಯೇ ಉಳಿದು ಹಾಳೆಯ ಜೊತೆ ಹೋಗುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಆಮ್ಲ ಸಿಕ್ಕಿದ ಕೂಡಲೇ ಅದು ಕರಗಿ ಕ್ಯಾಲ್ಸಿಯಂ ಅಯಾನು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲವೇ ಸೂಕ್ಷ್ಮ ಗುಳ್ಳೆಗಳಾಗಿ ನಾರಿಗೆ ಅಂಟಿಕೊಂಡು ವೈರ್ ಮೇಲೆ ನೀರು ಬಸಿಯುವುದನ್ನು ನಿಧಾನಗೊಳಿಸುತ್ತದೆ, ಹಾಳೆಯಲ್ಲಿ ಸೂಜಿರಂಧ್ರಗಳನ್ನು ಬಿಡುತ್ತದೆ, ಹೆಡ್‌ಬಾಕ್ಸ್‌ನಲ್ಲಿ ನೊರೆಯಾಗಿ ಏಳುತ್ತದೆ. ನೊರೆ ಕಂಡಾಗ ನೊರೆನಾಶಕ ಸುರಿಯುವವರು ಅನೇಕರು. ಆ ಗುಳ್ಳೆ ಎಲ್ಲಿ ಹುಟ್ಟಿತು ಎಂದು ಕೇಳುವವರು ಕಡಿಮೆ.

ಹಾಗಾದರೆ ಆಮ್ಲ ಎಲ್ಲಿಂದ? ಎರಡು ಕಡೆಯಿಂದ. ಒಂದು, ನೀವೇ ಹಾಕುವ ಆಲಂ. ಒಂದು ಕಿಲೋ ಆಲಂ ನೀರಿನಲ್ಲಿ ಪೂರ್ತಿ ವಿಭಜನೆಯಾದರೆ ಸುಮಾರು 450 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಬಲ್ಲದು. ಕಾಬ್ ಏರಿತೆಂದು ಆಲಂ ಹೆಚ್ಚಿಸಿದಾಗ ಎರಡು ದಿನ ತಗ್ಗಿ ಮತ್ತೆ ಏರುವುದಕ್ಕೆ ಕಾರಣ ಇಲ್ಲಿದೆ: ಹೊಸ ಆಲಂ ಮೊದಲು ರೋಸಿನ್‌ನ್ನು ನಾರಿಗೆ ಕೂರಿಸುತ್ತದೆ, ಜೊತೆಗೇ ಕಾರ್ಬೊನೇಟನ್ನೂ ಕರಗಿಸುತ್ತದೆ, ಕರಗಿದ ಕ್ಯಾಲ್ಸಿಯಂ ಸುತ್ತಿ ಬಂದು ರೋಸಿನ್‌ನ್ನು ಕ್ಯಾಲ್ಸಿಯಂ ಸಾಬೂನಾಗಿಸಿ ನಾರಿಗೆ ಅಂಟದಂತೆ ಕೆಡಿಸುತ್ತದೆ. ಆಲಂನ ಸಲ್ಫೇಟ್ ಅದೇ ಕ್ಯಾಲ್ಸಿಯಂ ಜೊತೆ ಸೇರಿದರೆ ಜಿಪ್ಸಂ ಆಗುತ್ತದೆ. ಜಿಪ್ಸಂ ಲೀಟರಿಗೆ ಎರಡರಿಂದ ಎರಡೂವರೆ ಗ್ರಾಂ ಮಾತ್ರ ಕರಗುವುದರಿಂದ, ಮಿಕ್ಕದ್ದು ಫಾಯಿಲ್ ಮೇಲೆ ಪದರವಾಗಿ ಕೂರುತ್ತದೆ.

ಎರಡನೆಯದು ಬ್ಯಾಕ್ಟೀರಿಯಾ, ನನ್ನ ಅಂದಾಜಿನಲ್ಲಿ ನಿಮ್ಮಲ್ಲಿ ಇದೇ ಮುಖ್ಯ. ರಟ್ಟಿನ ಪದರಗಳನ್ನು ಅಂಟಿಸುವುದು ಪಿಷ್ಟದಿಂದ, ಹಾಳೆಗೆ ಬಲ ಕೊಡುವುದೂ ಪಿಷ್ಟದಿಂದ. ಪಲ್ಪರ್‌ನಲ್ಲಿ ಅದೆಲ್ಲ ನೀರಿಗೆ ಬಿಡುತ್ತದೆ. ಬೆಚ್ಚಗಿನ ನೀರು, ಬೇಕಾದಷ್ಟು ಪಿಷ್ಟ, ಗಾಳಿಯಾಡದ ಚೆಸ್ಟ್. ಬ್ಯಾಕ್ಟೀರಿಯಾ ಅಮೈಲೇಸ್ ಎಂಬ ಕಿಣ್ವವನ್ನು ಸ್ರವಿಸಿ ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುತ್ತವೆ. ಆ ಸಕ್ಕರೆ ಹುದುಗಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್, ಲ್ಯಾಕ್ಟಿಕ್ ಆಮ್ಲಗಳಾಗುತ್ತದೆ. ಪಿಎಚ್ ಇಳಿಯುತ್ತದೆ, ಕಾರ್ಬೊನೇಟ್ ಕರಗುತ್ತದೆ, ಕರಗಿದ ಕಾರ್ಬೊನೇಟ್ ಪಿಎಚ್ ಇನ್ನಷ್ಟು ಇಳಿಯದಂತೆ ತಡೆಯುತ್ತದೆ. ನಿಮ್ಮ ಪಿಎಚ್ 5.9ರಲ್ಲಿ ನಿಂತಿರುವುದನ್ನು ನೋಡಿ ಪರಿಸ್ಥಿತಿ ಅಷ್ಟೇನೂ ಕೆಟ್ಟಿಲ್ಲವೆಂದು ಭಾವಿಸಬೇಡಿ. ಎಷ್ಟು ಆಮ್ಲ ಹುಟ್ಟಿದೆ ಎಂಬುದನ್ನು ಪಿಎಚ್ ಹೇಳುವುದಿಲ್ಲ, ಕ್ಯಾಲ್ಸಿಯಂ ಹೇಳುತ್ತದೆ.

ಇನ್ನು ಪಾಲಿಮರ್ ವಿಷಯ. ನಾರಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿದೆ, ಧನ ವಿದ್ಯುದಂಶದ ಪಾಲಿಅಕ್ರಿಲಮೈಡ್ ಅದಕ್ಕೆ ಅಂಟಿ ಸಣ್ಣ ನಾರನ್ನು ಹಿಡಿದಿಡಬೇಕು. ಆದರೆ ನೀರಿನಲ್ಲಿ ಕರಗಿರುವ ಪಿಷ್ಟದ ಚೂರು, ಲಿಗ್ನಿನ್, ಹೆಮಿಸೆಲ್ಯುಲೋಸ್, ಅಂಟುಗಳ ಶೇಷ ಇವುಗಳಲ್ಲಿ ಬಹಳಷ್ಟು ಋಣ ವಿದ್ಯುದಂಶದವೇ. ಪಾಲಿಮರ್ ನಾರನ್ನು ತಲುಪುವ ಮೊದಲೇ ಇವು ಅದನ್ನು ಹಿಡಿದುಕೊಳ್ಳುತ್ತವೆ. ಉದ್ದಿಮೆಯಲ್ಲಿ ಇದನ್ನು ಆನಯಾನಿಕ್ ಟ್ರ್ಯಾಷ್ ಎನ್ನುತ್ತಾರೆ. ಅದರ ಮೇಲೆ ವಾಹಕತೆ ಏರಿದಾಗ ಪಾಲಿಮರ್‌ನ ಉದ್ದನೆಯ ಸರಪಣಿಯೇ ಮುದುಡಿಕೊಂಡು, ಒಂದು ನಾರಿನಿಂದ ಇನ್ನೊಂದಕ್ಕೆ ಚಾಚುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಇದೆಲ್ಲ ಹಿಂದೆಯೂ ಇತ್ತು, ಚರಂಡಿಗೆ ಹೋಗುತ್ತಿತ್ತು ಅಷ್ಟೆ. ಲೆಕ್ಕಕ್ಕಾಗಿ ಟನ್ನಿಗೆ 20 ಕಿಲೋ ಪದಾರ್ಥ ರಟ್ಟಿನಿಂದ ನೀರಿಗೆ ಕರಗುತ್ತದೆ ಎಂದು ಹಿಡಿಯಿರಿ. ಟನ್ನಿಗೆ 10 ಸಾವಿರ ಲೀಟರ್ ಹೊರಬಿಡುತ್ತಿದ್ದಾಗ, ಹಾಳೆಯ ಜೊತೆ ಹೋಗುವ ನೀರನ್ನೂ ಸೇರಿಸಿ, ಬ್ಯಾಕ್‌ವಾಟರ್‌ನಲ್ಲಿ ಲೀಟರಿಗೆ 1.8 ಗ್ರಾಂ ಇರುತ್ತದೆ. ಹೊರಬಿಡುವುದನ್ನು 3 ಸಾವಿರಕ್ಕೆ ಇಳಿಸಿದರೆ 4.8 ಗ್ರಾಂ. ಪೂರ್ತಿ ನಿಲ್ಲಿಸಿದರೆ ಸುಮಾರು 16.7 ಗ್ರಾಂ. ಮೊದಲ ಏಳು ಸಾವಿರ ಲೀಟರ್ ಉಳಿಸಿದ್ದಕ್ಕೆ ತೆತ್ತ ಬೆಲೆಗಿಂತ ಕೊನೆಯ ಮೂರು ಸಾವಿರಕ್ಕೆ ತೆರುವ ಬೆಲೆ ಎಷ್ಟು ಹೆಚ್ಚು ಎಂಬುದನ್ನು ಗಮನಿಸಿ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಭದ್ರೆಯ ದಡದಲ್ಲಿಯೂ, ದಾಂಡೇಲಿಯ ಕಾರ್ಖಾನೆ ಕಾಳಿಯ ದಡದಲ್ಲಿಯೂ ಇರುವುದಕ್ಕೆ ಕಾರಣವೇ ಇದು. ಆ ಕಾಲದ ಕಾಗದದ ರಸಾಯನಶಾಸ್ತ್ರವೆಲ್ಲ, 1807ರಲ್ಲಿ ಜರ್ಮನಿಯ ಇಲ್ಲಿಗ್ ಪ್ರಕಟಿಸಿದ ರೋಸಿನ್ ಮತ್ತು ಆಲಂ ವಿಧಾನವೂ ಸೇರಿ, ಧಾರಾಳವಾಗಿ ಹರಿದುಹೋಗುವ ನೀರನ್ನು ನಂಬಿ ಬೆಳೆದದ್ದು. ಬೋರ್‌ವೆಲ್ ಮೇಲೆ ನಿಂತ ಘಟಕಕ್ಕೆ ಅದೇ ಪಾಕವನ್ನು ಬಳಸುತ್ತೇನೆಂದರೆ ಆಗದು.

ಏನು ಮಾಡಬೇಕೆಂಬುದಕ್ಕೆ ಬರುತ್ತೇನೆ. ಕ್ರಮ ಮುಖ್ಯ. ಸುಣ್ಣ ಹಾಕುವುದನ್ನು ಇಂದೇ ನಿಲ್ಲಿಸಿ. ಅದು ಪಿಎಚ್ ಏರಿಸಿದರೂ ಅದರ ಕ್ಯಾಲ್ಸಿಯಂ ನೀರಿನಲ್ಲಿಯೇ ಉಳಿಯುತ್ತದೆ. ಆಮೇಲೆ ಬ್ಯಾಕ್ಟೀರಿಯಾ. ರಾಸಾಯನಿಕಕ್ಕಿಂತ ಮೊದಲು ನೀರು ಮತ್ತು ಪಲ್ಪ್ ನಿಂತಲ್ಲೇ ನಿಲ್ಲುವ ಸಮಯವನ್ನು ಕಡಿಮೆ ಮಾಡಬೇಕು. ದೊಡ್ಡ ಚೆಸ್ಟ್ ತುಂಬಾ ಪಲ್ಪ್ ಇಟ್ಟುಕೊಳ್ಳುವುದು ಭದ್ರತೆಯೆಂದು ಕಾಣುತ್ತದೆ, ಆದರೆ ವಿದ್ಯುತ್ ಹೋಗಿ ಅಜಿಟೇಟರ್ ನಿಂತ ನಾಲ್ಕು ಗಂಟೆಯಲ್ಲಿ ತಳದಲ್ಲಿ ಗಾಳಿ ಮುಗಿದು ಹುದುಗುವಿಕೆ ಶುರುವಾಗುತ್ತದೆ. ವಾರಾಂತ್ಯಕ್ಕೆ ಚೆಸ್ಟ್‌ಗಳನ್ನು ಖಾಲಿ ಮಾಡಿ ನಿಲ್ಲಿಸಿ. ಹರಿದ ಹಾಳೆಯ ತುಂಡುಗಳನ್ನು ನೆನೆಹಾಕಿ ದಿನಗಟ್ಟಲೆ ಇಡಬೇಡಿ. ರಟ್ಟಿನ ಬೇಲ್‌ಗಳನ್ನು ಮಳೆಗೆ ತೆರೆದಿಟ್ಟಿದ್ದರೆ ಅವುಗಳಿಗೆ ಸೂರು ಮಾಡಿಸಿ. ನಮ್ಮ ಜಿಲ್ಲೆಗಳ ಮಳೆಗಾಲದಲ್ಲಿ ತೊಯ್ದ ಬೇಲ್ ಪಲ್ಪರ್‌ಗೆ ಬರುವ ಮೊದಲೇ ಹುಳಿಯಾಗಿರುತ್ತದೆ.

ಬ್ಯಾಕ್ಟೀರಿಯಾನಾಶಕವನ್ನು ಹೆಡ್‌ಬಾಕ್ಸ್ ಬಳಿಯಲ್ಲ, ಪಲ್ಪರ್‌ಗೆ ಹೋಗುವ ನೀರಿಗೇ ಹಾಕಬೇಕು. ಹುಟ್ಟಿದ ಅಮೈಲೇಸ್ ಬ್ಯಾಕ್ಟೀರಿಯಾ ಸತ್ತ ಮೇಲೂ ಕೆಲಸ ಮಾಡುತ್ತಲೇ ಇರುವುದರಿಂದ, ತಡವಾಗಿ ಹಾಕಿದ ಮದ್ದು ಪಿಷ್ಟವನ್ನು ಉಳಿಸುವುದಿಲ್ಲ. ಬರೀ ಬ್ಲೀಚಿಂಗ್ ದ್ರಾವಣ ಇಂಥ ಕೊಳೆಯ ನೀರಿನಲ್ಲಿ ಸಾವಯವ ಪದಾರ್ಥಕ್ಕೇ ಖರ್ಚಾಗಿಹೋಗುತ್ತದೆ. ಹೈಪೋಕ್ಲೋರೈಟನ್ನು ಅಮೋನಿಯಂ ಲವಣದ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆಸಿ ಮಾಡುವ ಮೊನೊಕ್ಲೋರಮೈನ್ ಹೆಚ್ಚು ಹೊತ್ತು ನಿಲ್ಲುತ್ತದೆ. ಅದನ್ನು ಕೈಯಿಂದ ಬೆರೆಸುವ ಸಾಹಸ ಬೇಡ, ಅದಕ್ಕೆಂದೇ ಇರುವ ಡೋಸಿಂಗ್ ಉಪಕರಣದಿಂದಲೇ ಆಗಬೇಕು. ಇಷ್ಟಾದ ಮೇಲೆ ಪಿಎಚ್ ತಾನಾಗಿ ಏಳಕ್ಕೆ ಹತ್ತಿರ ಬರುತ್ತದೆ. ಆಗ ಆಲಂ ಬಿಟ್ಟು ಪಾಲಿಅಲ್ಯೂಮಿನಿಯಂ ಕ್ಲೋರೈಡ್ ಜೊತೆ ಡಿಸ್ಪರ್ಸ್ಡ್ ರೋಸಿನ್‌ಗೆ, ಅಥವಾ ಪಿಎಚ್ 7.5 ದಾಟಿ ಸ್ಥಿರವಾಗಿ ನಿಂತರೆ ಎಕೆಡಿ ಎಂಬ, ನೀರು ಹೀರುವುದನ್ನು ತಡೆಯುವ ಬೇರೆ ರಾಸಾಯನಿಕಕ್ಕೆ ಹೋಗುವ ಯೋಚನೆ ಮಾಡಬಹುದು. ಆನಯಾನಿಕ್ ಟ್ರ್ಯಾಷ್‌ಗೆ, ಅದರ ಋಣ ವಿದ್ಯುದಂಶವನ್ನು ತಟಸ್ಥಗೊಳಿಸುವ ಪಾಲಿಅಮೈನ್ ತರಹದ ಕೋಯಾಗ್ಯುಲೆಂಟ್ ಕೊನೆಯ ಹೆಜ್ಜೆ. ಮಾರಾಟದವರು ಅದನ್ನೇ ಮೊದಲ ಹೆಜ್ಜೆ ಮಾಡಿಸುತ್ತಾರೆ; ಹುದುಗುವಿಕೆ ನಿಲ್ಲದ ನೀರಿಗೆ ಅದನ್ನು ಸುರಿದರೆ ಎಷ್ಟು ಸುರಿದರೂ ಸಾಲದು.

ಉತ್ತರ: ಚಿಕ್ಕಮಗಳೂರಿನಿಂದ, ರಸಾಯನಶಾಸ್ತ್ರ ಉಪನ್ಯಾಸಕಿ

ತರೀಕೆರೆಯ ಹಿರಿಯರು ಹೇಳಿದ ಸರಪಣಿಯನ್ನು ನಿಮ್ಮ ಘಟಕದಲ್ಲಿಯೇ, ಯಾವ ದುಬಾರಿ ಉಪಕರಣವೂ ಇಲ್ಲದೆ ಪರೀಕ್ಷಿಸಿಕೊಳ್ಳಬಹುದು. ಒಂದು ಉದ್ದಿಮೆಯ ಹಣ ಯಾವ ಕಡೆಗೆ ಹೋಗಬೇಕೆಂಬುದು ಇದರ ಮೇಲೆ ನಿಂತಿರುವುದರಿಂದ ಪರೀಕ್ಷೆ ಮಾಡದೆ ಯಾರ ಮಾತನ್ನೂ, ನಮ್ಮ ಮಾತನ್ನೂ, ಒಪ್ಪಿಕೊಳ್ಳಬೇಡಿ.

ಮೊದಲನೆಯದು ಅಯೋಡಿನ್ ಪರೀಕ್ಷೆ. ಪಲ್ಪರ್, ಯಂತ್ರದ ಚೆಸ್ಟ್, ಬ್ಯಾಕ್‌ವಾಟರ್ ತೊಟ್ಟಿ, ಈ ಮೂರು ಕಡೆಯಿಂದ ಒಂದೇ ಹೊತ್ತಿನಲ್ಲಿ ನೀರು ತೆಗೆದು, ನಾರು ಬರದಂತೆ ಫಿಲ್ಟರ್ ಕಾಗದದಲ್ಲಿ ಸೋಸಿ, ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಇಡಿ. ನೀರು ತಣ್ಣಗಾಗಿರಬೇಕು, ಬಿಸಿಯಿದ್ದರೆ ಬಣ್ಣ ನಿಲ್ಲುವುದಿಲ್ಲ. ಪೊಟ್ಯಾಸಿಯಂ ಅಯೋಡೈಡ್‌ನಲ್ಲಿ ಕರಗಿಸಿದ ಅಯೋಡಿನ್ ದ್ರಾವಣವನ್ನು ಒಂದೊಂದಕ್ಕೂ ಎರಡು ಹನಿ ಹಾಕಿ. ಪಿಷ್ಟದ ಸರಪಣಿ ಇನ್ನೂ ಉದ್ದವಾಗಿದ್ದರೆ ಕಡುನೀಲಿ ಬರುತ್ತದೆ. ಅಮೈಲೇಸ್ ಅದನ್ನು ಕತ್ತರಿಸುತ್ತಿದ್ದರೆ ನೀಲಿ ನೇರಳೆಗೆ, ನೇರಳೆ ಕೆಂಗಂದಿಗೆ ತಿರುಗುತ್ತದೆ. ಪಿಷ್ಟವೆಲ್ಲ ಸಕ್ಕರೆಯೋ ಆಮ್ಲವೋ ಆಗಿಹೋಗಿದ್ದರೆ ಅಯೋಡಿನ್‌ನ ಹಳದಿಯಷ್ಟೇ ಉಳಿಯುತ್ತದೆ. ನೀರಿನಲ್ಲಿ ಸಲ್ಫೈಡ್ ಇದ್ದರೆ ಅದೂ ಅಯೋಡಿನ್ ಬಣ್ಣವನ್ನು ತಿಂದುಹಾಕುತ್ತದೆ. ಹಳದಿಯೂ ಉಳಿಯದೆ ನೀರು ಬಣ್ಣಗೆಟ್ಟರೆ ಇನ್ನೂ ಕೆಲವು ಹನಿ ಸೇರಿಸಿ ನೋಡಬೇಕು. ಯಾವ ಜಾಗದಲ್ಲಿ ನೀಲಿ ಮಾಯವಾಗುತ್ತದೋ ಆ ಜಾಗದ ಹಿಂದೆಯೇ ನಿಮ್ಮ ಹುದುಗುವಿಕೆ ಇದೆ.

ಎರಡನೆಯದು ಫಾಯಿಲ್ ಮೇಲಿನ ಬಿಳಿ ಪದರ. ಅದರ ಒಂದು ಚೂರನ್ನು ಚೆನ್ನಾಗಿ ತೊಳೆದು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ. ಬುಸುಗುಟ್ಟಿ ಗುಳ್ಳೆ ಎದ್ದರೆ ಕಾರ್ಬೊನೇಟ್. ಗುಳ್ಳೆಯಿಲ್ಲದೆ ಸುಮ್ಮನೆ ಕೂತು, ಬಿಸಿ ಮಾಡಿದಾಗ ನಿಧಾನವಾಗಿ ಕರಗಿ, ಆ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಒತ್ತರ ಬಂದರೆ ಸಲ್ಫೇಟ್, ಅಂದರೆ ಜಿಪ್ಸಂ. ಬೇರಿಯಂ ಲವಣ ವಿಷಕಾರಿ, ಇದನ್ನು ಯಾವುದಾದರೂ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿಸುವುದು ಒಳ್ಳೆಯದು. ಆಮ್ಲವನ್ನು ಬ್ಯಾಕ್‌ವಾಟರ್‌ಗೆ ನೇರವಾಗಿ ಸುರಿಯುವ ಪ್ರಯೋಗ ಬೇಡವೇ ಬೇಡ. ಅದರಲ್ಲಿ ಸಲ್ಫೈಡ್ ಇದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ.

ಮೂರನೆಯದು ಆಮ್ಲದ ಅಳತೆ, ಇದು ಪ್ರಯೋಗಾಲಯದ ಕೆಲಸ. ಸೋಸಿದ ನೀರಿನ ಪಿಎಚ್‌ನ್ನು ಫ್ಯೂಮ್ ಹುಡ್ ಒಳಗೆ ಸುಮಾರು 3.3ಕ್ಕೆ ಇಳಿಸಿ, ಕೆಲವೇ ನಿಮಿಷ ಮೆಲ್ಲಗೆ ಕುದಿಸಿ ಇಂಗಾಲದ ಡೈಆಕ್ಸೈಡನ್ನು ಓಡಿಸಿ, ತಣಿಸಿ, ಪಿಎಚ್ 4ರಿಂದ 7ರವರೆಗೆ ಎಷ್ಟು ಸೋಡಿಯಂ ಹೈಡ್ರಾಕ್ಸೈಡ್ ಬೇಕಾಯಿತೆಂದು ನೋಡಿದರೆ ಸಾವಯವ ಆಮ್ಲಗಳ ಮೊತ್ತ ಹೆಚ್ಚುಕಡಿಮೆ ಸಿಗುತ್ತದೆ. ನಿಮ್ಮ ಅಂಕಿಗಳನ್ನೇ ಇಟ್ಟು ಲೆಕ್ಕ ಮಾಡಿದೆ. ಗಡಸುತನ 420ರಿಂದ 2300ಕ್ಕೆ ಏರಿದೆ ಎಂದರೆ ಲೀಟರಿಗೆ 1880 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಹೆಚ್ಚಾಗಿ ಕರಗಿದಂತೆ. ಅದು 18.8 ಮಿಲಿಮೋಲ್, ಅದನ್ನು ಕರಗಿಸಲು 37.6 ಮಿಲಿಮೋಲ್ ಆಮ್ಲ ಬೇಕು. ಎಲ್ಲವೂ ಅಸಿಟಿಕ್ ಆಮ್ಲವೇ ಎಂದಿಟ್ಟುಕೊಂಡರೆ ಲೀಟರಿಗೆ ಸುಮಾರು 2.26 ಗ್ರಾಂ ಆಗುತ್ತದೆ. ಆಲಂನ ಪಾಲು ಎಷ್ಟು, ಹುದುಗುವಿಕೆಯ ಪಾಲು ಎಷ್ಟು ಎಂಬುದು ಸಲ್ಫೇಟ್ ಮತ್ತು ಸಾವಯವ ಆಮ್ಲ ಎರಡನ್ನೂ ಅಳೆದಾಗಲೇ ತಿಳಿಯುತ್ತದೆ. ಹಿರಿಯರ ಅಂದಾಜಿನಲ್ಲಿ ನನಗೆ ಸಣ್ಣದೊಂದು ತಕರಾರು ಇರುವುದು ಇಲ್ಲಿಯೇ: ಫಾಯಿಲ್ ಮೇಲಿನದು ಜಿಪ್ಸಂ ಎಂದು ಖಚಿತವಾದರೆ, ಆಲಂನ ಪಾಲು ಅವರು ಎಣಿಸಿದ್ದಕ್ಕಿಂತ ದೊಡ್ಡದಿರಬಹುದು. ಹಾಗಾದಲ್ಲಿ ಆಲಂ ಕಡಿತವನ್ನು ಕೊನೆಗೆ ಬಿಡದೆ ಬ್ಯಾಕ್ಟೀರಿಯಾದ ಕೆಲಸದ ಜೊತೆಜೊತೆಗೇ ಆರಂಭಿಸಬೇಕಾಗುತ್ತದೆ.

ನೀರಿನಲ್ಲಿರುವ ಋಣ ವಿದ್ಯುದಂಶವನ್ನೂ ಅಳೆಯಬಹುದು. ಜಪಾನಿನ ತೆರಾಯಾಮ 1952ರಲ್ಲಿ ವಿವರಿಸಿದ ಕಲಿಲ ಟೈಟ್ರೇಷನ್ ವಿಧಾನ ಇಂದಿಗೂ ಉಪಯುಕ್ತವಾಗಿದೆ. ಧನ ವಿದ್ಯುದಂಶದ ಪಾಲಿಮರನ್ನು ಗೊತ್ತಿರುವಷ್ಟು, ಅಗತ್ಯಕ್ಕಿಂತ ಹೆಚ್ಚಾಗಿ ಹಾಕಿ, ಉಳಿದದ್ದನ್ನು ಪಾಲಿವಿನೈಲ್ ಸಲ್ಫೇಟ್‌ನಿಂದ ಟೈಟ್ರೇಟ್ ಮಾಡುವಾಗ ಟೊಲ್ಯುಡಿನ್ ಬ್ಲೂ ಬಣ್ಣ ನೀಲಿಯಿಂದ ನೇರಳೆಗೆ ತಿರುಗುತ್ತದೆ. ಕೋಯಾಗ್ಯುಲೆಂಟ್ ಕೊಳ್ಳುವ ಹಂತ ಬಂದಾಗ ಮಾರಾಟದವರ ಅಂಕಿಯನ್ನು ನಂಬುವ ಬದಲು ಇದನ್ನು ಮಾಡಿಸಿಕೊಳ್ಳಿ. ಆದರೆ ವಾಹಕತೆ 5000 ದಾಟಿದ ನೀರಿನಲ್ಲಿ ಬಣ್ಣ ತಿರುಗುವ ಬಿಂದು ಮಸುಕಾಗುವುದರಿಂದ, ಮಾದರಿಯನ್ನು ಬಟ್ಟಿ ಇಳಿಸಿದ ನೀರಿನಿಂದ ತೆಳುವಾಗಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಅಯೋಡಿನ್ ಪರೀಕ್ಷೆ ಮಾಡಿದೆವು. ಪಲ್ಪರ್ ನೀರು ನೀಲಿ ಬಂತು, ಆದರೆ ತೆಳುನೀಲಿ. ಯಂತ್ರದ ಚೆಸ್ಟ್‌ನದು ನೇರಳೆ. ಬ್ಯಾಕ್‌ವಾಟರ್ ತೊಟ್ಟಿಯದು ಕೆಂಗಂದು, ಸೋಮವಾರ ಬೆಳಿಗ್ಗೆ ತೆಗೆದ ಮಾದರಿಯಲ್ಲಂತೂ ಬರೀ ಹಳದಿ. ಪಲ್ಪರ್‌ಗೆ ಸುರಿಯುವುದೂ ಅದೇ ಬ್ಯಾಕ್‌ವಾಟರ್ ಆದ್ದರಿಂದ, ಕಿಣ್ವವನ್ನು ನಾವೇ ಹೊತ್ತು ತಂದು ಹೊಸ ಪಿಷ್ಟಕ್ಕೆ ಬೆರೆಸುತ್ತಿದ್ದೇವೆ ಎಂಬುದು ತಟ್ಟೆಯ ಮೇಲೆ ಕಣ್ಣಿಗೆ ಕಂಡಿತು. ಫಾಯಿಲ್ ಮೇಲಿನ ಚೂರು ಆಮ್ಲದಲ್ಲಿ ಬುಸುಗುಟ್ಟಲಿಲ್ಲ. ಸಲ್ಫೇಟ್ ಮತ್ತು ಆಮ್ಲದ ಅಳತೆಗೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದೇವೆ. ಮೆದುಗೊಳಿಸುವ ಘಟಕದ ವಿಚಾರವನ್ನು ಮಾಲೀಕರು ಸದ್ಯಕ್ಕೆ ಕೈಬಿಟ್ಟಿದ್ದಾರೆ.

ಎರಡು ವಿಷಯ ಉಳಿದಿವೆ. ಟನ್ನಿಗೆ ಎರಡು ಮೂರು ಸಾವಿರ ಲೀಟರನ್ನಾದರೂ ಹೊರಬಿಡುವುದೇ ಸರಿಯೆಂದು ಲೆಕ್ಕದಿಂದ ತೋರುತ್ತದೆ. ಹಾಗೆ ಬಿಡುವ ನೀರನ್ನು ಪಕ್ಕದ ತೆಂಗಿನ ತೋಟಕ್ಕೆ ಹಾಯಿಸಬಹುದೇ? ಇನ್ನೊಂದು, ಮುಂದಿನ ಭಾನುವಾರ ಎಲ್ಲ ಚೆಸ್ಟ್‌ಗಳನ್ನೂ ಖಾಲಿ ಮಾಡಿ, ಆಳುಗಳನ್ನು ಇಳಿಸಿ ಲೋಳೆ ತೆಗೆಸಿ, ಅದೇ ದಿನ ಒಂದು ಚೆಸ್ಟ್‌ನ ಮೇಲಿನ ಪೈಪಿಗೆ ವೆಲ್ಡಿಂಗ್ ಮಾಡಿಸಿಬಿಡೋಣ ಎಂದುಕೊಂಡಿದ್ದೇವೆ.

ಉತ್ತರ: ಮೂಡಿಗೆರೆಯಿಂದ, ಕಾಫಿ ಬೆಳೆಗಾರ

ಕಾಗದದ ಕೆಲಸ ನನಗೆ ತಿಳಿಯದು, ಆದರೆ ತೋಟದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡಿದ ನೀರಿನಲ್ಲಿಯೂ ಇದೇ ನಡೆಯುತ್ತದೆ. ಬೀಜದ ಮೇಲಿನ ಲೋಳೆಯ ಸಕ್ಕರೆ ಹುದುಗಿ ನೀರಿನ ಪಿಎಚ್ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ. ಅದನ್ನು ಹಸಿಯಾಗಿ ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ, ಗಿಡದ ಬುಡಕ್ಕೆ ಬಿಟ್ಟರೆ ಬೇರು ಕೊಳೆಯುತ್ತದೆ. ನಾವು ಸುಣ್ಣ ಹಾಕಿ, ಗಾಳಿಯಿಲ್ಲದ ಹೊಂಡದಲ್ಲಿ ನಿಲ್ಲಿಸಿ, ಆಮೇಲೆ ಗಾಳಿ ಕೊಡುವ ಹೊಂಡಕ್ಕೆ ಬಿಟ್ಟು, ನಂತರವೇ ಬಳಸುತ್ತೇವೆ. ನಮ್ಮದು ವರ್ಷಕ್ಕೆ ಕೆಲವೇ ತಿಂಗಳ ಕೆಲಸ, ನಿಮ್ಮದು ವರ್ಷವಿಡೀ. ಸಂಸ್ಕರಿಸಿದ ನೀರನ್ನು ಭೂಮಿಗೆ ಹಾಯಿಸಲು ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 100 ಮಿಲಿಗ್ರಾಂ ಮೀರಬಾರದೆಂದೂ, ಹಳ್ಳ ಹೊಳೆಗೆ ಬಿಡಲು 30 ಮೀರಬಾರದೆಂದೂ ಸಾಮಾನ್ಯ ಮಾನದಂಡವಿದೆ. ಅದಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು.

ತೆಂಗು ಉಪ್ಪನ್ನು ಸ್ವಲ್ಪ ಸಹಿಸುತ್ತದೆ, ನೆಲ ಸಹಿಸುವುದಿಲ್ಲ. ಪಿಎಚ್ ಸರಿಮಾಡಲು ನೀವು ಕಾಸ್ಟಿಕ್ ಸೋಡಾ ಬಳಸುವುದಾದರೆ, ಅದರ ಸೋಡಿಯಂ ಜೇಡಿ ಮಣ್ಣಿನ ಕಣಗಳನ್ನು ಬಿಡಿಸಿ, ನೀರು ಇಂಗದಂತೆ ನೆಲವನ್ನು ಬಿಗಿ ಮಾಡುತ್ತದೆ. ಸೋಡಿಯಂಗೂ ಕ್ಯಾಲ್ಸಿಯಂ ಮೆಗ್ನೀಸಿಯಂಗಳಿಗೂ ಇರುವ ಅನುಪಾತವನ್ನು ಅಳೆಸದೆ ಒಂದು ಸಾಲಿಗೂ ನೀರು ಬಿಡಬೇಡಿ. ಮಳೆಗಾಲದಲ್ಲಿ ತೋಟಕ್ಕೆ ನೀರೇ ಬೇಡವಾದ್ದರಿಂದ ಆ ತಿಂಗಳುಗಳಲ್ಲಿ ಎಲ್ಲಿಗೆ ಬಿಡುತ್ತೀರಿ ಎಂಬುದನ್ನೂ ಈಗಲೇ ಯೋಚಿಸಿಡಿ.

ಉತ್ತರ: ತರೀಕೆರೆಯಿಂದ, ಕಾಗದ ಉದ್ದಿಮೆಯ ನಿವೃತ್ತ ರಸಾಯನಜ್ಞ

ಮೇಡಂ ಅವರ ತಕರಾರನ್ನು ಒಪ್ಪುತ್ತೇನೆ. ಚೂರು ಬುಸುಗುಟ್ಟಲಿಲ್ಲವಾದ್ದರಿಂದ ಆಲಂ ಕಡಿತವನ್ನು ಬ್ಯಾಕ್ಟೀರಿಯಾ ನಿಯಂತ್ರಣದ ಜೊತೆಗೇ ತೆಗೆದುಕೊಳ್ಳಿ. ಒಮ್ಮೆಗೇ ನಿಲ್ಲಿಸದೆ, ಪ್ರತಿ ಪಾಳಿಯಲ್ಲಿ ಕಾಬ್ ನೋಡಿಕೊಂಡು ಇಳಿಸುತ್ತ ಬನ್ನಿ. ಹೊರಬಿಡುವ ಎರಡು ಮೂರು ಸಾವಿರ ಲೀಟರಿಗೆ ತೋಟಕ್ಕಿಂತ ಉತ್ತಮವಾದ ದಾರಿಯೂ ಇದೆ. ಆ ಪಾಲನ್ನು ಮಾತ್ರ ಪಕ್ಕಕ್ಕೆ ತೆಗೆದು, ಮೊದಲು ಗಾಳಿಯಿಲ್ಲದ ರಿಯಾಕ್ಟರ್‌ನಲ್ಲಿ ಅದರ ಆಮ್ಲಗಳನ್ನು ಮೀಥೇನ್ ಆಗಿಸಿ, ಆಮೇಲೆ ಗಾಳಿ ಕೊಟ್ಟು ಶುದ್ಧಗೊಳಿಸಿ ಮತ್ತೆ ಘಟಕಕ್ಕೇ ಹಿಂತಿರುಗಿಸುವುದು. ಜರ್ಮನಿಯ ರಟ್ಟಿನ ಕಾರ್ಖಾನೆಗಳಲ್ಲಿ 1990ರ ದಶಕದಿಂದ ಇದು ನಡೆದಿದೆ. ಅಲ್ಲಿ ಇದನ್ನು ಘಟಕದ ಮೂತ್ರಪಿಂಡ ಎಂದೇ ಕರೆಯುತ್ತಾರೆ. ಆಮ್ಲ ಹೋದಾಗ ಕ್ಯಾಲ್ಸಿಯಂ ಮತ್ತೆ ಕಾರ್ಬೊನೇಟ್ ಆಗಿ ರಿಯಾಕ್ಟರ್ ಮತ್ತು ಗಾಳಿ ತೊಟ್ಟಿಯಲ್ಲಿಯೇ ಕೂರುವುದರಿಂದ, ಅದನ್ನು ತೆಗೆಯುವ ವ್ಯವಸ್ಥೆಯಿಲ್ಲದ ವಿನ್ಯಾಸವನ್ನು ಒಪ್ಪಬೇಡಿ. ನಿಮ್ಮ ಗಾತ್ರದ ಘಟಕಕ್ಕೆ ಇದು ಈ ವರ್ಷದ ಕೆಲಸವಲ್ಲ. ಮೊದಲು ಹುದುಗುವಿಕೆ ನಿಲ್ಲಲಿ, ಆಮೇಲೆ ಎಷ್ಟು ದೊಡ್ಡದು ಬೇಕೆಂದು ಅಳೆಯೋಣ.

ಈಗ ಭಾನುವಾರದ ಕೆಲಸ. ನೀವು ಬರೆದಿರುವ ರೀತಿಯಲ್ಲಿ ಅದು ನಡೆಯಕೂಡದು. ಕೊಳೆತ ಮೊಟ್ಟೆಯ ವಾಸನೆಯೆಂದರೆ ಆಲಂನ ಸಲ್ಫೇಟನ್ನು ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಆಗಿಸಿವೆ ಎಂದರ್ಥ. ಆ ಅನಿಲ ಗಾಳಿಗಿಂತ ಭಾರ, ಚೆಸ್ಟ್‌ನ ತಳದಲ್ಲಿ ನಿಲ್ಲುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದಷ್ಟಾದರೆ ಮೂಗು ಅದನ್ನು ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಲೋಳೆಯನ್ನು ಕೋಲಿನಿಂದ ಕದಡಿದಾಗ ಅದರೊಳಗೆ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಗೇ ಬಿಡುಗಡೆಯಾಗುತ್ತದೆ ಎಂಬುದನ್ನೂ ಮರೆಯಬೇಡಿ. ಚೆಸ್ಟ್ ಖಾಲಿ ಮಾಡಿದ ಮೇಲೆ ಮೇಲಿನಿಂದಲೇ ಹೆಚ್ಚು ಒತ್ತಡದ ನೀರು ಹೊಡೆದು ಲೋಳೆಯನ್ನು ತಳದ ಕವಾಟದಿಂದ ಹೊರದಬ್ಬಿ. ಇಳಿಯಲೇಬೇಕಾದರೆ ತಳದವರೆಗೆ ಕೊಳವೆ ಬಿಟ್ಟು ಬ್ಲೋವರ್‌ನಿಂದ ಹೊಸ ಗಾಳಿ ಕೊಡುತ್ತಲೇ ಇರಬೇಕು. ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ದಹ್ಯ ಅನಿಲ ಮೂರನ್ನೂ ತೋರಿಸುವ ಮೀಟರನ್ನು ಹಗ್ಗದಲ್ಲಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಇಳಿಯುವವನ ಸೊಂಟಕ್ಕೆ ಮತ್ತು ಹೆಗಲಿಗೆ ಹಾರ್ನೆಸ್ ಇದ್ದು, ಮೇಲೆ ಟ್ರೈಪಾಡ್ ಹಿಡಿದು ಒಬ್ಬ ಬೇರಾವ ಕೆಲಸಕ್ಕೂ ಹೋಗದೆ ನಿಂತಿರಬೇಕು. ಈ ಮೀಟರ್ ನಿಮ್ಮಲ್ಲಿ ಇಲ್ಲದಿದ್ದರೆ ಅದು ಸಿಗುವವರೆಗೆ ಯಾರನ್ನೂ ಇಳಿಸಬೇಡಿ.

ವೆಲ್ಡಿಂಗ್ ಅದೇ ದಿನ ಬೇಡ. ಹುದುಗುವ ಪಲ್ಪ್‌ನಲ್ಲಿ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಟೊಮಾಹಾಕ್‌ನಲ್ಲಿ 2008ರ ಜುಲೈನಲ್ಲಿ ರಟ್ಟು ಕಾರ್ಖಾನೆಯೊಂದರ ನಾರು ತುಂಬಿದ ತೊಟ್ಟಿಯ ಮೇಲೆ ವೆಲ್ಡಿಂಗ್ ಮಾಡುವಾಗ ತೊಟ್ಟಿ ಸ್ಫೋಟಗೊಂಡು ಮೂವರು ಸತ್ತರು. ತೊಟ್ಟಿಯೊಳಗೆ ಬ್ಯಾಕ್ಟೀರಿಯಾ ಉತ್ಪಾದಿಸಿದ ಹೈಡ್ರೋಜನ್ ಅದಕ್ಕೆ ಕಾರಣವೆಂದು ತನಿಖೆಯಲ್ಲಿ ಹೊರಬಂತು. ಕೆಲಸ ಆರಂಭಿಸುವ ಮೊದಲು ಅಲ್ಲಿ ಯಾರೂ ದಹ್ಯ ಅನಿಲವನ್ನು ಅಳೆದಿರಲಿಲ್ಲ. ಪೈಪನ್ನು ಬೋಲ್ಟ್ ಬಿಚ್ಚಿ ಇಳಿಸಿ, ಚೆಸ್ಟ್‌ನಿಂದ ದೂರದ ವರ್ಕ್‌ಶಾಪ್‌ನಲ್ಲಿ ವೆಲ್ಡ್ ಮಾಡಿಸಿ ತಂದು ಮತ್ತೆ ಕೂರಿಸಿ. ಹಾಗೆ ಬಿಚ್ಚಲು ಬರದಿದ್ದರೆ ಆ ಚೆಸ್ಟನ್ನು ತೊಳೆದು, ಮುಚ್ಚಳಗಳನ್ನೆಲ್ಲ ತೆರೆದು ಗಾಳಿ ಹಾಯಿಸಿ, ಕೆಲಸಕ್ಕೆ ಮೊದಲೂ ಕೆಲಸ ನಡೆಯುವಷ್ಟು ಹೊತ್ತೂ ಅಳೆಯುತ್ತಲೇ ಇರಿ. ಪ್ರಯೋಗಾಲಯದ ವರದಿ ಬಂದ ಕೂಡಲೇ ಸಲ್ಫೇಟ್ ಅಂಕಿಯನ್ನು ಇಲ್ಲಿ ಬರೆಯಿರಿ, ಆಲಂ ಎಷ್ಟಕ್ಕೆ ಇಳಿಸಬಹುದೆಂದು ಅದರಿಂದ ಲೆಕ್ಕ ಹಾಕಿ ಹೇಳುತ್ತೇನೆ.